ಚಿತ್ರ ನೋಡಿ ನೂಲುವುದು: ಸಮನೂಲಿನ ಪಕ್ಷದ ಖಂಡನೆ

ಕೈನೂಲುವಿಕೆಯನ್ನು ಕಲಿಸುವವರಲ್ಲಿ, ಖಾದಿ ಕೇಂದ್ರಗಳ ಆಡಳಿತ ನೋಡಿಕೊಳ್ಳುವವರಲ್ಲಿ, ಶಾಲೆಗಳಿಗೆ ಕೈಕಸುಬಿನ ಪಾಠಕ್ರಮ ಬರೆಯುವವರಲ್ಲಿ ಒಂದು ನಂಬಿಕೆ ಬಹುಕಾಲದಿಂದ ಬೇರೂರಿದೆ. ಒಳ್ಳೆಯ ನೂಲೆಂದರೆ ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪದ, ಒಂದೇ ಹುರಿಯ, ಗಂಟಿಲ್ಲದ ನೂಲು. ಅಂಥದ್ದನ್ನು ತೆಗೆಯಬಲ್ಲ ಕೈಯೇ ಪಳಗಿದ ಕೈ. ಬಣ್ಣ, ಆಕೃತಿ, ಕಲ್ಪನೆ ಇವೆಲ್ಲ ನೂಲು ಮಗ್ಗದ ಮನೆ ಸೇರಿದ ಮೇಲೆ ಬರುವ ಸಂಗತಿಗಳು. ಆದ್ದರಿಂದ ಒಂದು ಚಿತ್ರವನ್ನು ಎದುರಿಗಿಟ್ಟುಕೊಂಡು ಅದರಿಂದ ಪ್ರೇರಣೆ ಪಡೆದು ನೂಲುವುದನ್ನು ಕಲಿಸುವುದು ಬಿಡುವಿದ್ದವರ ಹವ್ಯಾಸವೇ ಹೊರತು ಶಿಕ್ಷಣವಲ್ಲ ಎಂಬುದು ಆ ನಂಬಿಕೆಯ ಸಾರ. ಈ ಪೂರ್ವಪಕ್ಷ ಒಪ್ಪತಕ್ಕದ್ದಲ್ಲ. ಉತ್ತರ ಕನ್ನಡದ ಶಿರಸಿ, ಸಿದ್ಧಾಪುರ, ಯಲ್ಲಾಪುರ ತಾಲ್ಲೂಕುಗಳನ್ನು, ಅಂದರೆ ಹತ್ತಿಯನ್ನೇ ಬೆಳೆಯದ ಆದರೆ ಗೋಡೆಯ ಮೇಲೂ ಹೊದಿಕೆಯ ಮೇಲೂ ಚಿತ್ರ ಬರೆಯುವ ಪರಂಪರೆ ಇನ್ನೂ ಉಳಿದಿರುವ ಒಂದು ಸೀಮೆಯನ್ನು, ನಿದರ್ಶನವಾಗಿ ಇಟ್ಟುಕೊಂಡು ನೋಡಿದರೆ ಅದರ ದೌರ್ಬಲ್ಯ ಬೇಗ ಕಣ್ಣಿಗೆ ಬೀಳುತ್ತದೆ.

ಚಿತ್ರ ನೋಡಿ ನೂಲುವುದೆಂದರೆ ಚಿತ್ರದ ನಕಲನ್ನು ದಾರದಲ್ಲಿ ತೆಗೆಯುವುದಲ್ಲ. ದಾರಕ್ಕೆ ಉದ್ದವಿದೆ, ಅಗಲವಿಲ್ಲ. ಮರವಾಗಲಿ ಮನುಷ್ಯನಾಗಲಿ ಅದರ ಮೇಲೆ ಮೂಡಲಾರದು. ಕಲಿಯುವವರು ಚಿತ್ರದಿಂದ ಎತ್ತಿಕೊಳ್ಳುವುದು ಅದರ ಗುಣಗಳನ್ನು: ಯಾವ ಬಣ್ಣ ಎಷ್ಟು ಪಾಲಿದೆ, ಬಣ್ಣಗಳು ಗಡಿ ಕಾಯ್ದುಕೊಂಡಿವೆಯೋ ಒಂದರಲ್ಲೊಂದು ಕರಗಿವೆಯೋ, ಗೆರೆ ಬಿಗಿಯೋ ಸಡಿಲವೋ, ಮೈ ನುಣುಪೋ ತರಿತರಿಯೋ, ಕಣ್ಣು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ. ಈ ಒಂದೊಂದು ಗುಣಕ್ಕೂ ನೂಲುವ ಕೆಲಸದ ಒಂದೊಂದು ಹಂತದಲ್ಲಿ ಉತ್ತರ ಕೊಡಲು ಬರುತ್ತದೆ. ಅರಳೆಯನ್ನು, ಅಂದರೆ ಬೀಜ ತೆಗೆದ ಹತ್ತಿಯನ್ನು, ಯಾವ ತಳಿಯಿಂದ ಆರಿಸಬೇಕು. ಅರಳೆಗೇ ಬಣ್ಣ ಕಟ್ಟಬೇಕೋ ನೂತ ಮೇಲೆ ಕಟ್ಟಬೇಕೋ. ಹಿಂಜುವಾಗ ಎರಡು ಬಣ್ಣಗಳನ್ನು ಎಷ್ಟು ಬೆರೆಸಬೇಕು. ಹಿಂಜಿದ ಅರಳೆಯನ್ನು ಕಡ್ಡಿಗೆ ಸುತ್ತಿ ತೆಗೆಯುವ ಸುರುಳಿಯನ್ನು, ಅಂದರೆ ಹಂಜಿಯನ್ನು, ಬಿಗಿಯಾಗಿ ಸುತ್ತಬೇಕೋ ಸಡಿಲವಾಗಿ ಸುತ್ತಬೇಕೋ. ಕದಿರು ತಿರುಗಿದಂತೆ ಎಳೆಗೆ ಏರುವ ತಿರುಚು, ಅಂದರೆ ಹುರಿ, ಎಷ್ಟಿರಬೇಕು. ಕೊನೆಗೆ ಒಂಟಿ ಎಳೆಯಾಗಿಯೇ ಬಿಡಬೇಕೋ, ಎರಡು ಮೂರು ಎಳೆ ಕೂಡಿಸಿ ವಿರುದ್ಧ ದಿಕ್ಕಿಗೆ ಹೊಸೆಯಬೇಕೋ. ರಾಟೆಯ ಮುಂದೆ ಕೂತ ಪ್ರತಿಯೊಬ್ಬರೂ ಇವನ್ನೆಲ್ಲ ತಿಳಿದೋ ತಿಳಿಯದೆಯೋ ನಿರ್ಧರಿಸಿಯೇ ನಿರ್ಧರಿಸುತ್ತಾರೆ. ಸಮನೂಲಿನ ಪಕ್ಷ ಈ ನಿರ್ಧಾರಗಳನ್ನೆಲ್ಲ ಒಮ್ಮೆಗೇ ಮೊದಲೇ ಮಾಡಿಟ್ಟು, ಕಲಿಯುವವರ ಪಾಲಿಗೆ ಬರೀ ಪಾಲನೆಯನ್ನು ಉಳಿಸುತ್ತದೆ.

ಸಮತೆಗೆ ಈ ಪ್ರತಿಷ್ಠೆ ಎಲ್ಲಿಂದ ಬಂತೆಂದು ಅರಿಯಲು ಅರಬೈಲಿನಂಥ ಜಾಗ ಉತ್ತರ ಕನ್ನಡದಲ್ಲಿ ಅಪರೂಪ. ಯಲ್ಲಾಪುರದಿಂದ ಅಂಕೋಲಾದ ಕಡೆಗೆ ಇಳಿಯುವ ಈ ಘಟ್ಟವೂ ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟವೂ ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಕಡಲಿಗೆ ಇಳಿದ ದಾರಿಗಳು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ಲ್ಯಾಂಕಾಶೈರಿನ ಗಿರಣಿಗಳಿಗೆ ದಕ್ಕದೆ ಹೋದಾಗ ಇಂಗ್ಲೆಂಡಿನ ವ್ಯಾಪಾರಿಗಳ ಕಣ್ಣು ಧಾರವಾಡದ ಎರೆಭೂಮಿಯ ಮೇಲೆ ಬಿತ್ತು; 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರದ ಬಂದರನ್ನು ಹತ್ತಿ ಸಾಗಣೆಗೆ ಅಣಿಗೊಳಿಸುವ ಉದ್ದೇಶ ಬಲವಾಗಿತ್ತು. ಕುಮಟೆಯ ಸುತ್ತ ಹತ್ತಿ ಬೆಳೆಯುವುದಿಲ್ಲ. ಆದರೂ ಆ ಬಂದರಿನಲ್ಲಿ ಹಡಗೇರಿದ ಕಾರಣಕ್ಕೆ ಬಯಲುಸೀಮೆಯ ನಾಡಹತ್ತಿ ಪೇಟೆಯಲ್ಲಿ ಕುಮಟಾ ಹತ್ತಿಯೆಂದೇ ಹೆಸರಾಯಿತು. ಘಟ್ಟ ಇಳಿದುಹೋದದ್ದು ಅರಳೆ. ಕಡಲ ದಾರಿಯಲ್ಲಿ ತಿರುಗಿ ಬಂದದ್ದು ಗಿರಣಿಯ ನೂಲು ಮತ್ತು ಬಟ್ಟೆ. ಆ ನೂಲು ಸಮನಾಗಿತ್ತು, ಅಗ್ಗವಾಗಿತ್ತು, ಅದರ ಮುಂದೆ ಹಳ್ಳಿಯ ರಾಟೆಯ ನೂಲು ಒರಟೆನಿಸಿತು. ಅದು ಸಮನಾಗಿದ್ದುದಕ್ಕೆ ಕಾರಣ ಸೌಂದರ್ಯದ ವಿಚಾರವಲ್ಲ. ಉರುಳೆಗಳ ನಡುವೆ ಅರಳೆಯನ್ನು ಜಗ್ಗಿ ತೆಳುವಾಗಿಸುವ ಯಂತ್ರ ನೂಲಿನ ಬಲಹೀನ ಜಾಗದಲ್ಲಿ ಎಳೆ ಕಡಿದುಕೊಂಡು ನಿಲ್ಲುತ್ತದೆ, ನಿಂತ ಕದಿರು ನಷ್ಟ ತರುತ್ತದೆ. ಆದ್ದರಿಂದ ಗಿರಣಿಗೆ ಒಂದೇ ಉದ್ದದ ನಾರಿನ ಹತ್ತಿ ಬೇಕು, ಒಂದೇ ದಪ್ಪದ ನೂಲು ಬೇಕು. ಹತ್ತಿಯ ದರ್ಜೆಯನ್ನೂ ನೂಲಿನ ದರ್ಜೆಯನ್ನೂ ಈ ಅಗತ್ಯದ ಪ್ರಕಾರವೇ ಗೊತ್ತುಮಾಡಲಾಯಿತು. ಒಂದು ಪೌಂಡ್ ತೂಕದಲ್ಲಿ 840 ಗಜ ಉದ್ದದ ಲಡಿಗಳು ಎಷ್ಟು ಬರುತ್ತವೆಂದು ಎಣಿಸುವ ಕೌಂಟ್ ಎಂಬ ಅಳತೆಯೂ ಗಿರಣಿಯ ಲೆಕ್ಕವೇ. ಯಂತ್ರದ ಅನುಕೂಲಕ್ಕಾಗಿ ಹುಟ್ಟಿದ ಒಂದು ಲಕ್ಷಣ ಕೈಗೂ ಧರ್ಮವಾಗಿ ವಿಧಿಸಲ್ಪಟ್ಟದ್ದು ಹೀಗೆ.

ಇಲ್ಲಿ ಪೂರ್ವಪಕ್ಷದ ಅತ್ಯಂತ ಗೌರವಾರ್ಹವಾದ ಆಕ್ಷೇಪ ಬರುತ್ತದೆ. ಸಮನೂಲನ್ನು ಕೇಳಿದ್ದು ಗಿರಣಿಯ ಮಾಲೀಕರಷ್ಟೇ ಅಲ್ಲ, ಗಾಂಧೀಜಿಯೂ ಕೇಳಿದ್ದರು. 1924ರ ಡಿಸೆಂಬರಿನಲ್ಲಿ ಅವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿ ಅಧಿವೇಶನದಲ್ಲಿ ಕಾಂಗ್ರೆಸ್ಸಿನ ಸದಸ್ಯತ್ವಕ್ಕೆ ತಿಂಗಳಿಗೆ 2000 ಗಜ ಕೈನೂಲನ್ನು ಚಂದಾ ಆಗಿ ಒಪ್ಪಿಸಬೇಕೆಂಬ ನಿಯಮಕ್ಕೆ ಒಪ್ಪಿಗೆ ದೊರೆಯಿತು. ಮರುವರ್ಷ ಅಖಿಲ ಭಾರತ ಚರಕಾ ಸಂಘ ಹುಟ್ಟಿತು. 1929ರಲ್ಲಿ ಆ ಸಂಘ ಎಂಟು ಗಂಟೆಯಲ್ಲಿ 12ರಿಂದ 20 ಕೌಂಟಿನ 16,000 ಗಜ ನೂಲು ತೆಗೆಯಬಲ್ಲ ಚರಕವನ್ನು ರಚಿಸಿದವರಿಗೆ ಒಂದು ಲಕ್ಷ ರೂಪಾಯಿಯ ಬಹುಮಾನ ಸಾರಿತು. ಇದೆಲ್ಲ ನಿಜ. ಅದಕ್ಕೆ ಕಾರಣವೂ ಇತ್ತು. ಸಾವಿರಾರು ಹೊಸ ಕೈಗಳು ನೂತು ತಂದ ಹರಕುಮುರುಕು ನೂಲನ್ನು ನೇಕಾರರು ಹಾಸಿಗೆ, ಅಂದರೆ ಮಗ್ಗದ ಉದ್ದ ಎಳೆಗಳಿಗೆ, ಹಾಕಲು ನಿರಾಕರಿಸುತ್ತಿದ್ದ ಕಾಲ ಅದು. ಪರದೇಶದ ಬಟ್ಟೆಗೆ ಬದಲಾಗಿ ನಿಲ್ಲಬೇಕಾದ ಬಟ್ಟೆ ಬಾಳಿಕೆ ಬರುವಂತಿರಬೇಕಾಗಿತ್ತು. ಒಂದು ದೇಶ ತನ್ನ ಮೈ ಮುಚ್ಚಿಕೊಳ್ಳಲು ಹೊರಟಿದ್ದ ಹೊತ್ತಿನಲ್ಲಿ ಗಜ, ತೂಕ, ಕೌಂಟುಗಳ ಲೆಕ್ಕ ಅನಿವಾರ್ಯವಾಗಿತ್ತು. ಆ ಶಿಸ್ತಿನ ಮುಂದೆ ತಲೆಬಾಗದವರು ಯಾರೂ ಇರಲಾರರು. ಆದರೆ ಒಂದು ಚಳವಳಿ ತನ್ನ ಕಾಲದ ತುರ್ತಿಗೆ ಗೊತ್ತುಮಾಡಿಕೊಂಡ ಅಳತೆಯನ್ನು ಕೈಕಸುಬಿನ ಶಾಶ್ವತ ಲಕ್ಷಣವೆಂದು ಸಾರುವುದು ಚಳವಳಿಗೂ ಕಸುಬಿಗೂ ಮಾಡುವ ಅನ್ಯಾಯ.

ಅದೇ ಪರಂಪರೆಯೊಳಗೆ ಇನ್ನೊಂದು ದಾರಿಯೂ ಇತ್ತೆಂಬುದನ್ನು ಪೂರ್ವಪಕ್ಷ ಮರೆಯುತ್ತದೆ. 1937ರ ವಾರ್ಧಾ ಶಿಕ್ಷಣ ಯೋಜನೆ, ಅಂದರೆ ಕೈಕಸುಬನ್ನು ಕೇಂದ್ರವಾಗಿಸಿಕೊಂಡ ನಯೀ ತಾಲೀಮ್, ಜಾಕಿರ್ ಹುಸೇನ್ ಸಮಿತಿಯ ವರದಿಯಲ್ಲಿ ರೂಪ ಪಡೆದಾಗ ತಕಲಿ ಮತ್ತು ರಾಟೆಯ ಪಾಠಕ್ಕೆ ವೇಗದ ಗುರಿಗಳನ್ನು ಬರೆದಿಟ್ಟಿತು; ನಮ್ಮ ಶಾಲೆಗಳು ಮುಂದೆ ಅನುಕರಿಸಿದ್ದು ಆ ಗುರಿಗಳನ್ನು ಮಾತ್ರ. ಆದರೆ ಶಾಂತಿನಿಕೇತನದಲ್ಲಿ ನಂದಲಾಲ್ ಬೋಸರ ಬಳಿ ಕಲಿತ ದೇವಿ ಪ್ರಸಾದ್ 1944ರಲ್ಲಿ ಸೇವಾಗ್ರಾಮಕ್ಕೆ ಬಂದು, ಅಲ್ಲಿಯ ನಯೀ ತಾಲೀಮ್ ಶಾಲೆಯಲ್ಲಿ ನೂಲುವ ಮಕ್ಕಳಿಗೇ ಸುಮಾರು ಎರಡು ದಶಕ ಚಿತ್ರಕಲೆ ಕಲಿಸಿದರು. ಕಲೆಯೇ ಶಿಕ್ಷಣದ ಬುನಾದಿಯಾಗಬೇಕೆಂದು ವಾದಿಸಿ ಪುಸ್ತಕ ಬರೆದರು. ನಂದಲಾಲರು 1938ರ ಕಾಂಗ್ರೆಸ್ಸಿನ ಹರಿಪುರ ಅಧಿವೇಶನಕ್ಕಾಗಿ ಬರೆದ ಫಲಕಗಳಲ್ಲಿ ಹತ್ತಿ ಹಿಂಜುವವನೂ ಇದ್ದಾನೆ. ಚಿತ್ರವನ್ನೂ ರಾಟೆಯನ್ನೂ ಒಂದೇ ಆವರಣದೊಳಗೆ ತಂದ ಮೇಲೆ ಅವೆರಡರ ನಡುವಿನ ಬಾಗಿಲನ್ನು ತೆರೆಯುವುದು ಉಳಿದಿತ್ತು. ಆ ಕೆಲಸ ಇಂದಿಗೂ ಉಳಿದಿದೆ.

ತಂತ್ರದ ವಿಷಯಕ್ಕೆ ಬಂದರೆ ಪೂರ್ವಪಕ್ಷದ ಅಡಿಪಾಯವೇ ಸಡಿಲ. ಏರುಪೇರಿನ ನೂಲು ಅನಾಯಾಸವಾಗಿ ಬರುತ್ತದೆ, ಸಮನೂಲು ಅಭ್ಯಾಸದಿಂದ ಬರುತ್ತದೆ, ಆದ್ದರಿಂದ ಎರಡನೆಯದೇ ವಿದ್ಯೆ ಎಂಬುದು ಅದರ ತರ್ಕ. ಇದರಲ್ಲಿ ತಾನಾಗಿ ಬಂದ ಏರುಪೇರಿಗೂ ಬೇಕೆಂದು ತಂದ ಏರುಪೇರಿಗೂ ಭೇದವೇ ಇಲ್ಲ. ಹುರಿಯ ಸ್ವಭಾವವನ್ನು ಗಮನಿಸಿದರೆ ಈ ಭೇದ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಕದಿರಿನಿಂದ ಏರುವ ಹುರಿ ನೂಲಿನ ಉದ್ದಕ್ಕೂ ಸಮನಾಗಿ ಹಂಚಿಕೊಳ್ಳುವುದಿಲ್ಲ; ತೆಳುವಾದ ಜಾಗ ತಿರುಚಲು ಸುಲಭವಾದ್ದರಿಂದ ಅಲ್ಲಿಗೆ ಓಡಿ ಶೇಖರವಾಗುತ್ತದೆ, ದಪ್ಪನೆಯ ಜಾಗವನ್ನು ಮೆತ್ತಗೆ ಬಿಟ್ಟುಬಿಡುತ್ತದೆ. ಹೊಸಬರ ನೂಲು ದಪ್ಪವಿದ್ದಲ್ಲೇ ಕಳಚಿ ಬೀಳುವುದು, ತೆಳುವಿದ್ದಲ್ಲಿ ಮುರುಟಿ ಸುರುಳಿಯಾಗುವುದು ಇದೇ ಕಾರಣಕ್ಕೆ. ಹಾಗಿರುವಾಗ ಇಷ್ಟಿಷ್ಟು ಅಂತರಕ್ಕೆ ಒಂದು ಉಬ್ಬು ಬರಬೇಕು, ಆ ಉಬ್ಬು ಕೀಳಬಾರದು ಎಂದು ಹೊರಟವರು ಹಂಜಿಯಿಂದ ಅರಳೆ ಜಾರುವ ಪ್ರಮಾಣವನ್ನೂ ಕದಿರಿನ ವೇಗವನ್ನೂ ಒಟ್ಟೊಟ್ಟಿಗೆ ಬದಲಿಸುತ್ತ ಹೋಗಬೇಕು, ಉಬ್ಬನ್ನು ಹಿಡಿದಿಡಲು ಪಕ್ಕದಲ್ಲಿ ಬಿಗಿಯಾದ ಇನ್ನೊಂದು ಎಳೆಯನ್ನು ಸೇರಿಸಿ ಹೊಸೆಯಬೇಕು. ಸಮನಾಗಿ ನೂಲಬಲ್ಲವರು ಮಾತ್ರ ಇದನ್ನು ಮಾಡಬಲ್ಲರು. ಆದರೆ ಸಮನಾಗಿ ನೂಲಬಲ್ಲವರೆಲ್ಲ ಇದನ್ನು ಮಾಡಲಾರರು. ವಿದ್ಯೆ ಯಾವುದು ದೊಡ್ಡದೆಂದು ಕೇಳುವ ಅಗತ್ಯವೇ ಇಲ್ಲ.

ಕೆಟ್ಟ ನೂಲನ್ನು ಕಲೆಯೆಂದು ದಾಟಿಸುವ ಹುನ್ನಾರಕ್ಕೆ ಇದು ದಾರಿ ಮಾಡಿಕೊಡುತ್ತದೆಂಬ ಭಯಕ್ಕೂ ಪರಿಹಾರ ಇಲ್ಲೇ ಇದೆ. ಇವತ್ತು ಹತ್ತು ಮೀಟರ್ ನೂತವರು ಒಂದು ವಾರ ಬಿಟ್ಟು ಮತ್ತೆ ಹತ್ತು ಮೀಟರ್ ನೂತಾಗ ಎರಡೂ ಒಂದಕ್ಕೊಂದು ಹೊಂದಬೇಕು. ಹೊಂದಿದರೆ ಆ ಏರುಪೇರು ಕೈಯ ವಶದಲ್ಲಿದೆ, ಹೊಂದದಿದ್ದರೆ ಕೈ ಅದರ ವಶದಲ್ಲಿದೆ. ಪುನಃ ತರಬಲ್ಲ ಸಾಮರ್ಥ್ಯದ ಈ ಪರೀಕ್ಷೆ ಸಮತೆಯ ಪರೀಕ್ಷೆಗಿಂತ ಕಠಿಣ. 1960ರ ದಶಕದ ಕೊನೆಯಲ್ಲಿ ಜಪಾನಿನ ಮಿಸಾವೊ ಜೋ ಎಂಬ ಮಹಿಳೆ ಆರಂಭಿಸಿದ ಸಾವೊರಿ ಎಂಬ ನೇಯ್ಗೆಯ ಪದ್ಧತಿ ನೇಯ್ಗೆಯಲ್ಲಿ ತಪ್ಪೆಂಬುದೇ ಇಲ್ಲವೆಂದು ಹೇಳಿ ಅನೇಕರನ್ನು ಮಗ್ಗದ ಹತ್ತಿರ ತಂದಿತು. ಅದರ ಔದಾರ್ಯ ದೊಡ್ಡದು. ಆದರೆ ಇಲ್ಲಿ ಸಮರ್ಥಿಸುತ್ತಿರುವ ಬೋಧನೆ ಅಷ್ಟು ದೂರ ಹೋಗುವುದಿಲ್ಲ. ಚಿತ್ರ ಎದುರಿಗೆ ಇರುವವರೆಗೆ ತಪ್ಪೆಂಬುದೂ ಇದೆ: ನೂಲು ಚಿತ್ರದ ಗುಣಕ್ಕೆ ಉತ್ತರಿಸದಿದ್ದರೆ ಅದು ತಪ್ಪಿದೆ, ಮತ್ತೆ ನೂಲಬೇಕು.

ಗಿರಣಿಗಳೇ ಈ ವಾದದಲ್ಲಿ ಸಾಕ್ಷಿ ಹೇಳುತ್ತವೆ. ಒಂದು ಶತಮಾನಕ್ಕೂ ಮಿಕ್ಕಿ ಏರುಪೇರನ್ನು ಅಳಿಸಲು ದುಡಿದ ನೂಲಿನ ಯಂತ್ರಗಳಿಗೆ ಈಗ ಬೇಕೆಂದೇ ಏರುಪೇರು ತರುವ ಸಾಧನವನ್ನು ಜೋಡಿಸುತ್ತಾರೆ. ಹೀಗೆ ಬರುವ ಉಬ್ಬುತಗ್ಗಿನ ನೂಲಿಗೆ ಆ ವ್ಯವಹಾರದಲ್ಲಿ ಸ್ಲಬ್ ನೂಲೆನ್ನುತ್ತಾರೆ, ಜೀನ್ಸ್ ಬಟ್ಟೆಯಿಂದ ಹಿಡಿದು ಪರದೆಯ ಬಟ್ಟೆಯವರೆಗೆ ಅದು ಬಳಕೆಯಲ್ಲಿದೆ. ಯಂತ್ರ ಕೈಯನ್ನು ಅನುಕರಿಸಲು ಹಣ ಸುರಿಯುತ್ತಿರುವ ಹೊತ್ತಿನಲ್ಲೂ ಕೈಗೆ ಯಂತ್ರವನ್ನು ಅನುಕರಿಸೆಂದು ಪಾಠ ಹೇಳಲಾಗುತ್ತಿದೆ.

ಈಗ ಸಿದ್ಧಾಪುರದ ಕಡೆಯ ಒಂದು ಗೋಡೆಯನ್ನು ಗಮನಿಸಬಹುದು. ಸಿದ್ಧಾಪುರ, ಶಿರಸಿ, ಸಾಗರದ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಬರೆಯುವ ಹಸೆ ಚಿತ್ತಾರ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಮೂಡುತ್ತದೆ. ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿಕಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕೆಮ್ಮಣ್ಣಿನ ಕೆಂಪು ಇವಷ್ಟೇ ಬಣ್ಣಗಳು. ಕುಂಚ ಪುಂಡಿಯ ನಾರಿನದು. ನೆಲಮಟ್ಟದಿಂದ ಮೇಲಕ್ಕೆ ಚೌಕ, ಅದರೊಳಗೆ ಅಂಚು, ಅಂಚಿನೊಳಗೆ ಹತ್ತಿರ ಹತ್ತಿರ ಎಳೆದ ಗೆರೆಗಳು. ಗೆರೆ ನಡುಗುವುದಿಲ್ಲ, ಒಂದು ಬಣ್ಣ ಇನ್ನೊಂದರೊಳಗೆ ಇಳಿಯುವುದಿಲ್ಲ. ಈ ಚಿತ್ರವನ್ನು ಎದುರಿಗಿಟ್ಟುಕೊಂಡು ನೂಲಲು ಹೊರಟ ವಿದ್ಯಾರ್ಥಿಗೆ ಮೊದಲು ಹೊಳೆಯುವುದು ಒಂದು ಕೆಂಪು ಎಳೆ, ಒಂದು ಬಿಳಿ ಎಳೆ ತೆಗೆದುಕೊಂಡು ಕೂಡಿಸಿ ಹೊಸೆಯುವುದು. ಹಾಗೆ ಮಾಡಿದಾಗ ಕೆಂಪು ಬಿಳಿ ಎರಡೂ ಸರಿಪಾಲಾಗಿ ಸುತ್ತಿಕೊಳ್ಳುತ್ತವೆ. ರಟ್ಟಿನ ತುಂಡಿಗೆ ಒತ್ತೊತ್ತಾಗಿ ಸುತ್ತಿ ಚಿತ್ರದ ಪಕ್ಕದಲ್ಲಿ ಹಿಡಿದರೆ ತಪ್ಪು ತಾನೇ ಗೊತ್ತಾಗುತ್ತದೆ, ಏಕೆಂದರೆ ಗೋಡೆಯಲ್ಲಿ ಕೆಂಪು ನೆಲವಾಗಿದೆ, ಬಿಳಿ ಅದರ ಮೇಲಿನ ಗೆರೆಯಾಗಿದೆ. ಎರಡು ದಪ್ಪ ಕೆಂಪು ಎಳೆಗಳಿಗೆ ಒಂದು ಸಣ್ಣ ಬಿಳಿ ಎಳೆ ಸೇರಿಸಿದರೆ ಪ್ರಮಾಣ ಹತ್ತಿರ ಬರುತ್ತದೆ. ಆದರೂ ಬಿಳಿ ಮಂಕಾಗಿ ಕಾಣಬಹುದು. ಅದರ ಎಳೆಗೆ ಹುರಿ ಸಾಲದೆ ನವಿರು ಎದ್ದು ಅಂಚು ಕದಡಿದ್ದರೆ ಹಾಗಾಗುತ್ತದೆ. ಪುಂಡಿಯ ಕುಂಚದ ಗೆರೆಗೆ ಅಂಚಿದೆ. ಆ ಅಂಚು ಬೇಕಾದರೆ ಬಿಳಿಯ ಎಳೆಗೆ ನಾರು ಉದ್ದವಿರುವ ಹತ್ತಿ ಬೇಕು. 1981ರಲ್ಲಿ ಧಾರವಾಡದಲ್ಲಿ ಹೊರಬಂದ, ಅತಿ ಉದ್ದ ನಾರಿನ ಡಿಸಿಎಚ್-32 ತಳಿಯ ಅರಳೆಯನ್ನು ಬಿಗಿಯಾಗಿ ನೂತರೆ ಅದು ಸಿಗುತ್ತದೆ. ಕೆಂಪಿಗೆ ಅದು ಬೇಡ. ಮಣ್ಣು ಬಳಿದ ಗೋಡೆಯ ಮೈ ಒರಟು, ಅದಕ್ಕೆ ಕುಮಟಾ ಹತ್ತಿಯ ಸಂತತಿಯಾದ ಜಯಧರ ತಳಿಯ ಗಿಡ್ಡ ನಾರೇ ಸರಿ. ಕೆಂಪು ಬಣ್ಣವನ್ನು ಮಣ್ಣಿನಿಂದ ತರಲು ಬರುವುದಿಲ್ಲ, ಮಣ್ಣು ಹತ್ತಿಗೆ ಕಚ್ಚುವುದಿಲ್ಲ, ಒಗೆದರೆ ಹೋಗುತ್ತದೆ. ಆದರೆ ಎಳೆಯಡಿಕೆ ಬೇಯಿಸಿದ ನೀರು ಬತ್ತಿ ಉಳಿಯುವ ಚೊಗರು ಈ ಮೂರು ತಾಲ್ಲೂಕುಗಳ ಅಡಿಕೆ ಬೇಯಿಸುವ ಮನೆಗಳಲ್ಲಿ ದೊರೆಯುತ್ತದೆ, ಅದರ ಒಗರು ಹತ್ತಿಗೆ ಹಿಡಿದು ಕೆಮ್ಮಣ್ಣಿಗೆ ಸಮೀಪದ ಕೆಂಗಂದು ಕೊಡುತ್ತದೆ. ಹೆಗ್ಗೋಡಿನ ಹತ್ತಿರದ ಭೀಮನಕೋಣೆಯ ಚರಕ ಸಂಸ್ಥೆ ಅಡಿಕೆಯ ಈ ಬಣ್ಣವನ್ನು ಬಟ್ಟೆಗೆ ಕಟ್ಟಿ ತೋರಿಸಿಯೂ ಇದೆ.

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಮೇಲಿನ ನೂಲಿನಲ್ಲಿ ಬಿಳಿಯ ಎಳೆ ಖಡಾಖಂಡಿತವಾಗಿ ಸಮನಾಗಿರಬೇಕು. ಅಂದರೆ ಚಿತ್ರ ಸಮತೆಯನ್ನು ಹೊರಗೆ ಹಾಕಲಿಲ್ಲ. ಅದು ಎಲ್ಲಿ ಬೇಕು, ಏಕೆ ಬೇಕು, ಎಲ್ಲಿ ಬೇಡ ಎಂಬುದನ್ನು ವಿದ್ಯಾರ್ಥಿಯ ಕಣ್ಣಿಗೆ ತೋರಿಸಿತು. ಸಮನಾಗಿ ನೂಲಬೇಕೆಂದು ಗುರುಗಳು ಹೇಳಿದ್ದಕ್ಕೆ ನೂಲುವವರಿಗೂ, ಗೆರೆ ನಿಲ್ಲಬೇಕಾದರೆ ಸಮನಾಗಿ ನೂಲದೆ ಗತ್ಯಂತರವಿಲ್ಲವೆಂದು ತಾವೇ ಕಂಡುಕೊಂಡು ನೂಲುವವರಿಗೂ ಇರುವ ಅಂತರವೇ ತರಬೇತಿಗೂ ಶಿಕ್ಷಣಕ್ಕೂ ಇರುವ ಅಂತರ.

ಇದಕ್ಕೆ ತೀರಾ ವಿರುದ್ಧವಾದ ಚಿತ್ರವನ್ನು ತೆಗೆದುಕೊಂಡರೆ ಬೋಧನೆಯ ವ್ಯಾಪ್ತಿ ತಿಳಿಯುತ್ತದೆ. ಮಳೆಗಾಲದಲ್ಲಿ ಅರಬೈಲ್ ಘಟ್ಟದ ತಿರುವಿನಿಂದ ತೆಗೆದ ಯಾವುದೇ ಛಾಯಾಚಿತ್ರದಲ್ಲಿ ಹತ್ತಿರದ ಕಾಡು ಹೆಚ್ಚುಕಡಿಮೆ ಕಪ್ಪು, ಅದರ ಹಿಂದಿನ ಸಾಲು ಬೂದು, ಅದರಾಚೆಯದು ಇನ್ನೂ ತೆಳು, ಕೊನೆಗೆ ಬೆಟ್ಟ ಯಾವುದು ಮೋಡ ಯಾವುದೆಂದು ಹೇಳಲು ಬಾರದಂಥ ಬಿಳುಪು. ಇಲ್ಲಿ ಗೆರೆಯೇ ಇಲ್ಲ. ಚೊಗರು ಹಿಡಿಸಿದ ಅರಳೆಯನ್ನು ತುಕ್ಕುಕಬ್ಬಿಣದ ನೀರಿನಲ್ಲಿ ಅದ್ದಿದರೆ ಒಗರೂ ಕಬ್ಬಿಣವೂ ಕೂಡಿ ಕಡುಬೂದು ಬಣ್ಣ ಬರುತ್ತದೆ. ಆ ಅರಳೆಯನ್ನೂ ಬಣ್ಣವಿಲ್ಲದ ಬಿಳಿ ಅರಳೆಯನ್ನೂ ತಂತಿಹಲ್ಲಿನ ಎರಡು ಹಲಗೆಗಳ ನಡುವೆ ಹಾಕಿ ಹಿಂಜುವಾಗ ಒಂದೆರಡು ಸಲ ಎಳೆದರೆ ಪಟ್ಟೆಪಟ್ಟೆಯಾಗಿ ಉಳಿಯುತ್ತವೆ, ಮತ್ತೆ ಮತ್ತೆ ಎಳೆದರೆ ಒಂದಾಗಿ ಬೂದು ಬಣ್ಣವಾಗುತ್ತದೆ. ಮಂಜಿಗೆ ಬೇಕಾದ್ದು ಎರಡನೆಯದು. ಏಳು ಪಾಲು ಕಡುಬೂದಿಗೆ ಒಂದು ಪಾಲು ಬಿಳಿಯಿಂದ ಶುರುಮಾಡಿ ಒಂದು ಪಾಲು ಕಡುಬೂದಿಗೆ ಏಳು ಪಾಲು ಬಿಳಿಯವರೆಗೆ ಹಂಜಿಗಳನ್ನು ಅನುಕ್ರಮವಾಗಿ ಕಟ್ಟಿಟ್ಟುಕೊಂಡು, ಒಂದು ಹಂಜಿ ಮುಗಿಯುವ ಮೊದಲೇ ಮುಂದಿನದನ್ನು ಅದರ ತುದಿಗೆ ಹೆಣೆದುಕೊಂಡು ನೂತರೆ ಬಣ್ಣ ಎಲ್ಲಿ ಬದಲಾಯಿತೆಂಬುದು ಕಾಣದ ನೂಲು ಬರುತ್ತದೆ. ಹುರಿ ಆದಷ್ಟು ಕಡಿಮೆ ಇರಬೇಕು, ನವಿರು ಎದ್ದಿರಬೇಕು. ಹಸೆ ಚಿತ್ತಾರದಲ್ಲಿ ದೋಷವಾಗಿದ್ದ ನವಿರು ಇಲ್ಲಿ ಗುಣವಾಗುತ್ತದೆ. ಈ ಪಾಠದಲ್ಲೇ ಒಂದು ತೊಡಕೂ ತಿಳಿದುಬರುತ್ತದೆ: ಬಣ್ಣ ಕಟ್ಟುವ ಮುನ್ನ ಅರಳೆಯನ್ನು ಕುದಿಸಿದಾಗ ಅದರ ಮೇಣದಂಶ ಹೋಗಿಬಿಡುತ್ತದೆ, ಒಣಗಿದ ಅರಳೆ ಮುದ್ದೆಗಟ್ಟುತ್ತದೆ, ಕೈಯಿಂದ ಸರಾಗವಾಗಿ ಜಾರುವುದಿಲ್ಲ. ಅದನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ಹಗುರ ಮಾಡಿಕೊಳ್ಳದೆ ಹಿಂಜಿದರೆ ನೂಲಿನ ತುಂಬ ಗಂಟು. ಬಣ್ಣವೆಂದರೆ ಮೇಲೆ ಬಳಿಯುವಂಥದ್ದಲ್ಲ, ಅದು ನಾರಿನ ನಡತೆಯನ್ನೇ ಬದಲಿಸುತ್ತದೆ ಎಂಬ ತಿಳಿವಳಿಕೆ ಬಿಳಿ ನೂಲನ್ನೇ ವರ್ಷಗಟ್ಟಲೆ ನೂತವರಿಗೆ ಬರುವ ಅವಕಾಶವೇ ಇಲ್ಲ.

ಬಣ್ಣ ಕಟ್ಟುವ ಗೋಜೇ ಬೇಡವೆನ್ನುವವರಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದ ಕಂದು ಹತ್ತಿಯ ತಳಿಗಳಿವೆ. ಗಿಡದಲ್ಲೇ ಕಂದಾಗಿ ಅರಳುವ ಆ ಹತ್ತಿಯನ್ನು ಬಿಳಿಯ ಜೊತೆ ಬೆರೆಸಿಯೇ ಒಣಹುಲ್ಲಿನಿಂದ ಅಡಿಕೆಸಿಪ್ಪೆಯವರೆಗೆ ಹಲವು ಛಾಯೆಗಳನ್ನು ತೆಗೆಯಬಹುದು.

ಕಲೆಯ ವಿವೇಚನೆ ಕಲಾಶಾಲೆಯಲ್ಲಿ ಕಲಿತವರಿಗೇ ಸಾಧ್ಯ, ಹಳ್ಳಿಯ ನೂಲುವವರಿಗೆ ಅದು ಹೊರೆಯಾಗುತ್ತದೆಂಬ ಮಾತೂ ಕೇಳಿಬರುತ್ತದೆ. ಕರುಣೆಯ ದನಿಯಲ್ಲಿ ಬಂದರೂ ಈ ಮಾತಿನಲ್ಲಿರುವುದು ತಿರಸ್ಕಾರ. ಯಲ್ಲಾಪುರ ಮತ್ತು ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಯನ್ನು ಒಮ್ಮೆ ಗಮನವಿಟ್ಟು ನೋಡಿದವರು ಇಂಥ ಮಾತು ಆಡಲಾರರು. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಆರಂಭಿಸಿ ಒಳಮುಖವಾಗಿ ಸುತ್ತುತ್ತ ಕೂಡಿಸಿಕೊಂಡು ಹೋಗಿ, ಮೂಲೆಗಳಿಗೆ ಫೂಲ ಎಂದು ಕರೆಯುವ ಮಡಿಸಿದ ತುಂಡುಗಳನ್ನು ಇಡುವವರೆಗೆ, ಯಾವ ಬಣ್ಣದ ಪಕ್ಕಕ್ಕೆ ಯಾವ ಬಣ್ಣ ಎಂಬ ನಿರ್ಧಾರವನ್ನು ಹೊಲಿಯುವವರು ಲೆಕ್ಕವಿಲ್ಲದಷ್ಟು ಸಲ ಮಾಡುತ್ತಾರೆ. ಕೈಗೆ ಸಿಕ್ಕ ಚಿಂದಿಯೇ ಅವರ ಬಣ್ಣದ ಪೆಟ್ಟಿಗೆ. ಕಾವಿ ಕಲೆಯೂ ಹೀಗೆಯೇ: ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿಯ ಪದರ ಕೊಟ್ಟು, ಅದನ್ನು ಗೀರಿ ಒಳಗಿನ ಬಿಳಿಯನ್ನು ಹೊರತೆಗೆಯುವ, ಶಿರಸಿಯ ಮಾರಿಕಾಂಬಾ ದೇವಾಲಯದ ಗೋಡೆಗಳಿಗೆ ಹೆಸರು ತಂದ ಆ ಕಲೆ ಯಾವ ಕಲಾಶಾಲೆಯಿಂದಲೂ ಬಂದದ್ದಲ್ಲ. ಈ ಸೀಮೆಯ ಜನರಿಗೆ ನೋಡುವುದನ್ನು ಕಲಿಸಬೇಕಾಗಿಲ್ಲ. ಅವರು ನೋಡಿದ್ದನ್ನು ರಾಟೆಯ ಹತ್ತಿರ ತರಲು ಬಿಡಬೇಕಾಗಿದೆ, ಅಷ್ಟೆ.

ಮಲೆನಾಡಿನಲ್ಲಿ ಹತ್ತಿ ಎಲ್ಲಿದೆ ಎಂಬ ಪ್ರಶ್ನೆ ಹೆಚ್ಚು ಹೊತ್ತು ನಿಲ್ಲುವಂಥದ್ದಲ್ಲ. ಲ್ಯಾಂಕಾಶೈರಿನಲ್ಲೂ ಹತ್ತಿ ಬೆಳೆಯುತ್ತಿರಲಿಲ್ಲ. ಅಲ್ಲಿ ಇದ್ದದ್ದು ತೇವದ ಹವೆ, ಅದು ನೂಲುವುದಕ್ಕೆ ಅನುಕೂಲ. ಹತ್ತಿಯ ನಾರು ತೇವವನ್ನು ಹೀರಿದಾಗ ಗಟ್ಟಿಯಾಗುತ್ತದೆ, ಒಣಹವೆಯಲ್ಲಿ ಕಡಿಯುತ್ತದೆ. ಬಯಲಿನ ಗಿರಣಿಗಳು ಹಣ ಕೊಟ್ಟು ಗಾಳಿಗೆ ತೇವ ಬೆರೆಸುತ್ತವೆ. ಶಿರಸಿ, ಯಲ್ಲಾಪುರಗಳಲ್ಲಿ ಅದು ಪುಕ್ಕಟೆ. ಮಳೆ ಹಿಡಿದು ಕೂತ ಆಷಾಢದಲ್ಲಿ ಹಿಂಜುವುದು ಕಷ್ಟ, ಅರಳೆ ಒದ್ದೆಯಾಗಿ ಅಂಟುತ್ತದೆ, ಆದ್ದರಿಂದ ಹಂಜಿಗಳನ್ನು ಬೇಸಗೆಯಲ್ಲೇ ಕಟ್ಟಿ ಬೆಚ್ಚಗೆ ಇಟ್ಟುಕೊಳ್ಳಬೇಕು. ಇದಕ್ಕಿಂತ ದೊಡ್ಡ ಅಡ್ಡಿಯೇನೂ ಇಲ್ಲ. ಅರಳೆಯೋ, ಒಂದು ಕಾಲದಲ್ಲಿ ಕಡಲಿಗೆ ಇಳಿದ ಅದೇ ಹುಬ್ಬಳ್ಳಿಯ ದಾರಿಯಲ್ಲಿ ಇವತ್ತೂ ಬರಬಲ್ಲದು. ಬಾಳೆ ಮತ್ತು ಪುಂಡಿಯ ನಾರು ಇಲ್ಲಿಯದೇ.

ಹೊಟ್ಟೆಪಾಡಿನ ಪ್ರಶ್ನೆ ಮಾತ್ರ ಹಗುರವಾದದ್ದಲ್ಲ. ಕೈನೂಲಿನ ಕೂಲಿ ಎಂದಿಗೂ ಕಡಿಮೆ; ಇಂಥ ನೂಲಿಗೆ ಕೊಳ್ಳುವವರಿದ್ದಾರೆಯೇ ಎಂದು ಕೇಳುವವರಿಗೆ ಉತ್ತರ ಕೊಡಲೇಬೇಕು. ಮೊದಲನೆಯದಾಗಿ ಒಪ್ಪಬೇಕಾದ್ದನ್ನು ಒಪ್ಪಬೇಕು: ಹಾಸಿಗೆ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದು ಕಟ್ಟುವ ನೂಲಿಗೆ, ಉಬ್ಬುತಗ್ಗು ಸಲ್ಲದು. ಅದು ಎಳೆತವನ್ನು ತಾಳಬೇಕು, ಹಣಿಗೆಯ ಹಲ್ಲುಗಳ ನಡುವೆ ತಿಕ್ಕಾಟವನ್ನೂ ತಾಳಬೇಕು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಸಿದ್ಧಪಡಿಸುವ ರಾಷ್ಟ್ರಧ್ವಜದ ಬಟ್ಟೆಗಂತೂ ಪ್ರತಿಯೊಂದು ಎಳೆಯೂ ಅಳತೆಗೆ ಒಪ್ಪಬೇಕು, ಒಪ್ಪಲೇಬೇಕು. ಆದರೆ ಅಡ್ಡಕ್ಕೆ ಹಾಯುವ ಹೊಕ್ಕಿನ ನೂಲಿಗೆ ಆ ಕಷ್ಟಗಳಿಲ್ಲ. ಹೆಣಿಗೆಗೆ, ಕಸೂತಿಗೆ, ಹೊದಿಕೆಯ ಅಂಚಿಗೆ ಮೊದಲೇ ಇಲ್ಲ. ಸಮನೂಲಿನಲ್ಲಿ ಕೈ ಗಿರಣಿಯನ್ನು ಬೆಲೆಯಲ್ಲಿ ಎಂದೂ ಗೆಲ್ಲಲಾರದು. ಗಿರಣಿ ಸೋಲುವುದು ಸಣ್ಣ ಪ್ರಮಾಣದಲ್ಲಿ: ಹತ್ತು ಬಗೆಯ ಹಂಜಿಗಳನ್ನು ಅನುಕ್ರಮವಾಗಿ ಜೋಡಿಸಿ ಕೇವಲ ನೂರು ಗ್ರಾಂ ನೂಲು ತೆಗೆಯುವುದು ಯಾವ ಗಿರಣಿಗೂ ಲಾಭದ ಬಾಬತ್ತಲ್ಲ. ಕೈಗೆ ಅದೇ ಸಹಜವಾದ ಅಳತೆ. ಒಂದು ಶಾಲಿನ ಹೊಕ್ಕಿಗೆ, ಒಂದು ದಿಂಬಿನ ಹೊದಿಕೆಗೆ ಬೇಕಾದಷ್ಟೇ ನೂಲನ್ನು ಇಂಥ ಚಿತ್ರದಿಂದ ನೂತದ್ದೆಂದು ಹೇಳಿ ಮಾರುವಾಗ ಕೊಳ್ಳುವವರು ಗಜದ ಲೆಕ್ಕದಲ್ಲಿ ಬೆಲೆ ಕಟ್ಟುವುದಿಲ್ಲ. ಗಿರಣಿ ಮಾಡಬಲ್ಲದ್ದನ್ನೇ ಕೈಯಿಂದ ಮಾಡಿಸಿ, ಗಿರಣಿಯ ದರವನ್ನೂ ಕೊಡಲಾಗದೆ, ನೂಲುವವರು ಏಕೆ ಬಿಟ್ಟುಹೋಗುತ್ತಿದ್ದಾರೆಂದು ಕೇಳುತ್ತ ಕೂರುವುದಕ್ಕಿಂತ ಈ ದಾರಿ ಹೆಚ್ಚು ಪ್ರಾಮಾಣಿಕ.

ಹಾಗಾದರೆ ಈ ಮೂರು ತಾಲ್ಲೂಕುಗಳಲ್ಲಿ ಇದನ್ನು ಕಲಿಸುವವರು ಯಾರು ಎಂಬುದೇ ಕೊನೆಗೆ ಉಳಿಯುವ ಪ್ರಶ್ನೆ. ನೂಲುವುದನ್ನು ಬಲ್ಲ ಒಬ್ಬ ಶಿಕ್ಷಕರಿಂದ ಇದು ಆಗುವುದಿಲ್ಲ. ಅವರಿಗೆ ಕದಿರು ಗೊತ್ತು, ಗೋಡೆ ಗೊತ್ತಿಲ್ಲ. ಹಸೆ ಬರೆಯುವ ದೀವರ ಮನೆಯ ಹೆಂಗಸರನ್ನೂ ಕೌದಿ ಹೊಲಿಯುವ ಸಿದ್ದಿ ಹೆಂಗಸರನ್ನೂ ಇವತ್ತು ಕರೆಯುವುದು ಉತ್ಸವದ ಮಳಿಗೆಯಲ್ಲಿ ಕೂತು ಪ್ರದರ್ಶನ ಕೊಡುವುದಕ್ಕೆ. ಒಂದು ಶಾಲು ಹೊದಿಸಿ, ಒಂದು ಫಲಕ ಕೊಟ್ಟು ಕಳಿಸುವುದಕ್ಕೆ. ಅವರು ಬರಬೇಕಾದ್ದು ಗುರುಗಳಾಗಿ. ವಿದ್ಯಾರ್ಥಿ ನೂತು ರಟ್ಟಿಗೆ ಸುತ್ತಿದ ನೂಲನ್ನು ಚಿತ್ತಾರದ ಪಕ್ಕದಲ್ಲಿ ಹಿಡಿದಾಗ ಗೆರೆ ನಿಂತಿದೆಯೋ ಇಲ್ಲವೋ ಎಂದು ಹೇಳುವ ಅಧಿಕಾರ ಚಿತ್ತಾರ ಬರೆದವರದ್ದು. ನಿಲ್ಲದಿದ್ದರೆ ಹುರಿ ಎಷ್ಟು ಏರಿಸಬೇಕೆಂದು ಹೇಳುವುದು ನೂಲಿನ ಶಿಕ್ಷಕರ ಕೆಲಸ. ಇಬ್ಬರ ಹೆಸರೂ ಒಂದೇ ವೇಳಾಪಟ್ಟಿಯಲ್ಲಿರಬೇಕು, ಇಬ್ಬರ ಗೌರವಧನವೂ ಒಂದೇ ಆಗಿರಬೇಕು, ವಿದ್ಯಾರ್ಥಿಯ ಅಂಕಪಟ್ಟಿಗೆ ಇಬ್ಬರೂ ಸಹಿ ಹಾಕಬೇಕು.